ಮುಖ ಮೊದಲು, ಗಿಟಾರು ಆಮೇಲೆ

ಕೆಂಪು ಗಿಟಾರಿನ ಎರಡನೆಯ ತಂತಿಯನ್ನು ಅವನು ಬೆರಳಿನಿಂದ ಮೇಲಕ್ಕೆ ತಳ್ಳಿ ಹಿಡಿದ ಆ ಒಂದು ಸ್ವರ ಪೂರ್ತಿ ಎರಡು ಹಗಲು ನಿಂತಿತ್ತು. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಸ್ವರಕ್ಕೆ ಅದರಿಂದ ನಷ್ಟವೇನಿಲ್ಲ. ನಲವತ್ತು ಸಾವಿರ ಜನ ಕೂತು ಕೇಳಿದ್ದಾರೆ. ಅವರಲ್ಲೊಬ್ಬ ಸ್ವರ ಶುರುವಾದಾಗ ಎದ್ದು ಹೋದವನು ರೈಲು ಹತ್ತಿ, ಮಾವನ ಮನೆ ತಲುಪಿ, ಉಂಡು, ಭಾವಮೈದುನನ ಜೊತೆ ಜಗಳವಾಡಿ, ಮುನಿಸಿಕೊಂಡು ಅದೇ ರೈಲಿನಲ್ಲಿ ವಾಪಸು ಬಂದು ತನ್ನ ಕುರ್ಚಿಯಲ್ಲಿ ಕೂತಾಗಲೂ ಸ್ವರ ಇಳಿದಿರಲಿಲ್ಲ.

"ನಡುವೆ ಏನಾದರೂ ತಪ್ಪಿಹೋಯ್ತಾ?" ಎಂದು ಪಕ್ಕದವನನ್ನು ಕೇಳಿದ.

"ಏನೂ ಇಲ್ಲ, ಕೂತ್ಕೊಳ್ಳಿ. ಇನ್ನೂ ಮೇಲಕ್ಕೇ ಹೋಗ್ತಾ ಇದೆ," ಎಂದ ಪಕ್ಕದವನು.

ಇಂಥ ಸ್ವರ ಎಳೆಯುವವನು ಏಕಾಏಕಿ ಆಕಾಶದಿಂದ ಉದುರುವುದಿಲ್ಲ. ಹುಟ್ಟಿದ ದಿನವೇ ಅವನ ಅಳು ಬೇರೆ ತರಹ ಇತ್ತು. ಉಳಿದ ಕೂಸುಗಳು ನೆಟ್ಟಗೆ ಅಳುತ್ತಿದ್ದವು. ಇವನು ಕೆಳಗಿನಿಂದ ಶುರು ಮಾಡಿ, ಅರ್ಧದಲ್ಲಿ ಬಗ್ಗಿಸಿ, ಮೇಲಕ್ಕೆ ಒಯ್ದು, ಅಲ್ಲಿ ತುಸು ನಡುಗಿಸಿ, ಆಮೇಲೆ ಹಾಲು ಕುಡಿಯುತ್ತಿದ್ದ. ಹೆರಿಗೆ ವಾರ್ಡಿನ ಹನ್ನೊಂದು ಮಂದಿ ತಾಯಂದಿರು ತಮ್ಮ ಕೂಸುಗಳನ್ನು ಮರೆತು ಇವನ ತೊಟ್ಟಿಲ ಸುತ್ತ ನೆರೆದಿದ್ದರೆಂಬುದಕ್ಕೆ ದಾಖಲೆಯಿದೆ. ದಾಖಲೆ ಯಾರ ಬಳಿ ಇದೆ ಎಂದು ಮಾತ್ರ ಕೇಳಬಾರದು.

ಅವನ ಅಮ್ಮ ಹೊಲಿಗೆಯವಳು. ಬೀದಿ ಕಡೆಯ ಕೋಣೆಯಲ್ಲಿ ಮಿಷನ್ನು, ಇಸ್ತ್ರಿ ಮೇಜು, ಗೋಡೆಗೆ ನೇತುಹಾಕಿದ ಅರ್ಧಂಬರ್ಧ ಅಂಗಿಗಳು. ಮಾತಾಡುವಾಗಲೂ ಆಕೆಯ ತುಟಿಗಳ ನಡುವೆ ನಾಲ್ಕು ಗುಂಡುಪಿನ್ನು ಇರುತ್ತಿದ್ದವು; ಸಿಟ್ಟು ಬಂದಾಗ ಮಾತ್ರ ಅವನ್ನು ತೆಗೆದು ಮೆತ್ತೆಗೆ ಚುಚ್ಚುತ್ತಿದ್ದಳು. ಆಕೆ ಪಿನ್ನು ತೆಗೆದಳೆಂದರೆ ಮನೆಯವರು ಚಪ್ಪಲಿ ಹುಡುಕುತ್ತಿದ್ದರು. ಎಂಟನೆಯ ವಯಸ್ಸಿನಲ್ಲಿ ಇವನು ಬಿಸ್ಕತ್ತಿನ ಡಬ್ಬಕ್ಕೆ ಆರು ಇಲಾಸ್ಟಿಕ್ ಬಿಗಿದು ಮೀಟಿದ. ಆ ಇಲಾಸ್ಟಿಕ್ಕುಗಳು ಗಿರಾಕಿಯೊಬ್ಬರ ಪೈಜಾಮದ ಸೊಂಟಕ್ಕೆ ಹೋಗಬೇಕಾದವು. ಪೈಜಾಮ ಇಲಾಸ್ಟಿಕ್ ಇಲ್ಲದೆ ಗಿರಾಕಿಯ ಮನೆ ಸೇರಿತು. ಮುಂದೆ ಬಸ್ ನಿಲ್ದಾಣದಲ್ಲಿ ಏನಾಯಿತೆಂಬುದನ್ನು ಮರ್ಯಾದಸ್ಥರು ಬರೆಯುವುದಿಲ್ಲ. ಅವತ್ತಿನಿಂದ ಅವನಿಗೆ 'ತಂತಿ' ಎಂಬ ಹೆಸರು ಬಿತ್ತು. ಮೈಕಟ್ಟೂ ಹಾಗೇ ಇದ್ದುದರಿಂದ ಹೆಸರು ಕೊನೆಯವರೆಗೂ ನಿಂತಿತು.

ಸಂಗೀತದ ಗುರು ಅವನಿಗೆ ಸಿಕ್ಕಿದ್ದು ಹದಿನಾರನೆಯ ವಯಸ್ಸಿನಲ್ಲಿ, ಗುಂಡಿ ಕಟ್ಟಿ ತಂದ ಪೊಟ್ಟಣದ ಕಾಗದದಲ್ಲಿ. ಯಾವುದೋ ಹಳೆಯ ಪತ್ರಿಕೆಯ ಹಾಳೆ. ಅದರಲ್ಲೊಬ್ಬ ಗಿಟಾರಿಸ್ಟನ ಫೋಟೊ. ಹೆಸರಿದ್ದ ಕಡೆ ಹರಿದುಹೋಗಿತ್ತು. ಉಳಿದದ್ದು ಎದೆಯಿಂದ ಮೇಲಿನ ಭಾಗ: ಮುಚ್ಚಿದ ಕಣ್ಣು, ಗಂಟಿಕ್ಕಿದ ಹುಬ್ಬು, ಒಂದು ಕಡೆಗೆ ಜಾರಿದ ತುಟಿ. ಹುಳುಕು ಹಲ್ಲಿಗೆ ತಣ್ಣೀರು ತಗುಲಿದವನ ಮುಖ. ಕೆಳಗೆ 'ಬ್ಲೂಸ್-ರಾಕ್: ನೋವನ್ನೇ ನುಡಿಸುವವರು' ಎಂದು ಅಚ್ಚಾಗಿತ್ತು.

ಫೋಟೊದಲ್ಲಿ ಸದ್ದಿರಲಿಲ್ಲ, ಬೆರಳೂ ಇರಲಿಲ್ಲ. ಗುರು ಏನು ತೋರಿಸಿದನೋ ಅದನ್ನು ಶಿಷ್ಯ ಕಲಿತ. ಮೂರು ವರ್ಷ ಕನ್ನಡಿಯ ಮುಂದೆ, ಕೈಯಲ್ಲಿ ಅಮ್ಮನ ಉದ್ದದ ಅಳತೆ ಪಟ್ಟಿ ಹಿಡಿದು, ಮುಖವನ್ನು ಅಭ್ಯಾಸ ಮಾಡಿದ. ಒಡೆದುಹೋದ ಬ್ಯಾಂಡಿನವರೊಬ್ಬರಿಂದ ಕೆಂಪು ಎಲೆಕ್ಟ್ರಿಕ್ ಗಿಟಾರೂ ಅದರ ಆಂಪ್ಲಿಫೈಯರ್ ಪೆಟ್ಟಿಗೆಯೂ ಮನೆಗೆ ಬರುವ ಹೊತ್ತಿಗೆ ಮುಖ ಸಂಪೂರ್ಣ ತಯಾರಾಗಿತ್ತು. ಲೋಕದಲ್ಲಿ ಎಲ್ಲರೂ ಮೊದಲು ಗಿಟಾರು ಕಲಿತು ಆಮೇಲೆ ಮುಖ ಮಾಡುತ್ತಾರೆ. ನಮ್ಮ ತಂತಿ ಮುಖದಲ್ಲಿ ಪಾರಂಗತನಾಗಿ ಬೆರಳಿಗಾಗಿ ಕಾಯುತ್ತ ಕೂತವನು.

ಪೆಟ್ಟಿಗೆಗೆ ವಯರು ಚುಚ್ಚಿ ಮೊದಲ ಸಲ ಮೀಟಿದ ಸಂಜೆ ಆ ಬೀದಿಯ ಏಳು ಮನೆಗಳ ಗಡಿಯಾರ ನಿಂತವು, ಎರಡು ಮನೆಗಳ ಕೆಟ್ಟ ಗಡಿಯಾರ ನಡೆದವು. ಎದುರು ಮನೆಯ ಕಂಪೌಂಡರು ಕೈಯಲ್ಲಿ ಅರ್ಧ ಬೋಳಿಸಿದ ಗಲ್ಲ ಹಿಡಿದುಕೊಂಡೇ ಓಡಿಬಂದರು. ನಲವತ್ತು ವರ್ಷ ಆಸ್ಪತ್ರೆಯಲ್ಲಿ ಔಷಧಿ ಬೆರೆಸಿ ನಿವೃತ್ತರಾದವರು. ಕಾಯಿಲೆಯಿಲ್ಲದ ಮನುಷ್ಯನನ್ನು ಕಂಡರೆ ಅವರಿಗೆ ಮಾತೇ ಹೊರಡುತ್ತಿರಲಿಲ್ಲ.

"ಅಮ್ಮಾ, ನಿಮ್ಮ ಮನೇಲಿ ಏನು ಸಿಡೀತು?"

ಅಮ್ಮ ಪಿನ್ನು ತೆಗೆದಳು. ಮಗನನ್ನು ಕರೆದಳು. "ಏನೋ ಅದು?"

"ಬ್ಲೂಸ್ ಅಮ್ಮ."

"ಅಂದ್ರೆ?"

"ದುಃಖದ ಸಂಗೀತ."

"ನಿನಗೆ ಯಾವ ದುಃಖ ಬಂತು? ಬೆಳಿಗ್ಗೆ ಎದ್ದರೆ ಬಿಸಿನೀರು. ಒಗೆದ ಬಟ್ಟೆ. ಇಸ್ತ್ರಿ ಮಾಡಿದ ಕರವಸ್ತ್ರ. ದುಃಖ ಇರೋದು ನನಗೆ, ನಾನು ಸುಮ್ಮನೆ ಮಿಷನ್ ತುಳೀತಿಲ್ವಾ?"

ಅಲ್ಲಿಗೆ ತೀರ್ಪಾಯಿತು. ಪೆಟ್ಟಿಗೆ ಇಸ್ತ್ರಿ ಮೇಜಿನ ಮುರಿದ ಕಾಲಿನ ಕೆಳಗೆ ಹೋಗಿ ಕೂತಿತು. ಒಳ್ಳೆಯ ಎತ್ತರ, ಸರಿಯಾಗಿ ಹೊಂದಿಕೊಂಡಿತು. ಗಿಟಾರನ್ನು ಮಾತ್ರ ಅಮ್ಮ ಬಿಟ್ಟುಕೊಟ್ಟಳು, ಸದ್ದಿಲ್ಲದೆ ನುಡಿಸುವುದಾದರೆ ನುಡಿಸಿಕೋ ಎಂದು.

ಪೆಟ್ಟಿಗೆಯಿಲ್ಲದ ಎಲೆಕ್ಟ್ರಿಕ್ ಗಿಟಾರಿನ ಸದ್ದು ಸೊಳ್ಳೆಯೊಂದು ಪಕ್ಕದ ಕೋಣೆಯಲ್ಲಿ ಯೋಚನೆ ಮಾಡಿದ ಹಾಗಿರುತ್ತದೆ. ತಂತಿ ಎದೆಗುಂದಲಿಲ್ಲ. ಹಗಲೆಲ್ಲ ಅವನು ಚೌಕದ ಫೋಟೊ ಸ್ಟುಡಿಯೊದಲ್ಲಿ ಕೆಲಸ ಮಾಡುತ್ತಿದ್ದ. ಪಾಸ್‌ಪೋರ್ಟ್ ಫೋಟೊಗೆ ಬಂದವರನ್ನು ಬಿಳಿ ಪರದೆಯ ಮುಂದೆ ಸ್ಟೂಲಿನ ಮೇಲೆ ಕೂರಿಸಿ, "ಗಲ್ಲ ಸ್ವಲ್ಪ ಕೆಳಗೆ. ಬಾಯಿ ಮುಚ್ಚಿ. ನಗಬೇಡಿ. ಏನೂ ಯೋಚನೆ ಮಾಡಬೇಡಿ," ಎನ್ನುವುದು ಅವನ ಕೆಲಸ. ಸಂಜೆ ಆರಕ್ಕೆ ಮನೆಗೆ ಬಂದು, ಕೈಕಾಲು ತೊಳೆದು, ಕಿಟಕಿಯ ಪಕ್ಕದ ಮೋಡದ ಬಣ್ಣದ ಕುರ್ಚಿಯಲ್ಲಿ ಕೂತು, ಹಗಲೆಲ್ಲ ಊರವರ ಮುಖದಿಂದ ಒರೆಸಿ ತೆಗೆದ ಭಾವನೆಗಳನ್ನೆಲ್ಲ ತನ್ನ ಮುಖಕ್ಕೆ ಹಾಕಿಕೊಳ್ಳುತ್ತಿದ್ದ.

ಆ ಕಿಟಕಿಯ ಕಟ್ಟೆ ಎತ್ತರ. ಹೊರಗಿನವರಿಗೆ ಕಾಣುತ್ತಿದ್ದುದು ಎದೆಯಿಂದ ಮೇಲಿನ ಭಾಗ ಮಾತ್ರ. ಗಿಟಾರು ಕಾಣುವುದಿಲ್ಲ, ಸದ್ದು ಕೇಳುವುದಿಲ್ಲ. ಎದುರು ಕಿಟಕಿಯಲ್ಲಿ ಕೂತ ಕಂಪೌಂಡರಿಗೆ ದಿನವೂ ಆರೂಕಾಲರಿಂದ ಏಳೂವರೆವರೆಗೆ ಒಬ್ಬ ಯುವಕ ಕಣ್ಣುಮುಚ್ಚಿ, ತುಟಿ ಸೊಟ್ಟ ಮಾಡಿ, ಕತ್ತು ಹಿಂದಕ್ಕೆ ಚೆಲ್ಲಿ, ನಿಶ್ಶಬ್ದವಾಗಿ ನರಳುತ್ತಿರುವುದು ಕಾಣುತ್ತಿತ್ತು.

ಮೊದಲ ವಾರ ಹೊಟ್ಟೆಹುಳು ಎಂದುಕೊಂಡರು. ಎರಡನೆಯ ವಾರ ಮೂತ್ರಕೋಶದ ಕಲ್ಲು. ಮೂರನೆಯ ವಾರ ಕ್ಷೌರದಂಗಡಿಯಲ್ಲಿ ಬಾಯಿಬಿಟ್ಟರು: "ಆ ಹೊಲಿಗೆಯಮ್ಮನ ಮಗನಿಗೆ ಏನು ಕಾಯಿಲೆ, ಯಾರಿಗಾದರೂ ಗೊತ್ತಾ?"

ಪಕ್ಕದ ಕುರ್ಚಿಯಲ್ಲಿ ಮುಖದ ತುಂಬ ಸೋಪಿನ ನೊರೆ ಬಳಿಸಿಕೊಂಡು ಕೂತಿದ್ದ ಯಾರೋ ಒಬ್ಬ ಪುಣ್ಯಾತ್ಮ ಉತ್ತರ ಕೊಟ್ಟ. ನೊರೆಯಿಂದಾಗಿ ಅವನ ಗುರುತು ಇತಿಹಾಸಕ್ಕೆ ದಕ್ಕಿಲ್ಲ. "ಅದಾ? ಊರ್ಧ್ವಮುಖ ವಾತ," ಎಂದ ಆ ಪುಣ್ಯಾತ್ಮ. "ಲಕ್ಷದಲ್ಲಿ ಒಬ್ಬರಿಗೆ ಬರುತ್ತೆ. ಸಾಮಾನ್ಯ ಮನೆತನದವರಿಗೆ ಬರಲ್ಲ."

ಕಂಪೌಂಡರು ನಲವತ್ತು ವರ್ಷದ ಅನುಭವದಲ್ಲಿ ಈ ಹೆಸರು ಕೇಳಿರಲಿಲ್ಲ. ಹಾಗೆಂದು ಒಪ್ಪಿಕೊಳ್ಳುವುದು ಹೇಗೆ? ಗಂಭೀರವಾಗಿ ತಲೆಯಾಡಿಸಿ, "ನಾನೂ ಅದೇ ಅಂದ್ಕೊಂಡೆ. ಪಾಪ, ಎರಡನೇ ಹಂತ ಇರಬೇಕು," ಎಂದರು.

ಮಾರನೆಯ ದಿನವೇ ಅಮ್ಮನ ಹೊಲಿಗೆ ಕೋಣೆಗೆ ಬಂದರು. ಜೊತೆಗೆ ಥರ್ಮಾಮೀಟರು, ಒಂದು ಪಾತ್ರೆ ಗಂಜಿ.

"ಎದೆ ಗಟ್ಟಿ ಮಾಡ್ಕೊಳ್ಳಿ ಅಮ್ಮ. ಮುಚ್ಚಿಡಬೇಡಿ. ಊರಿಗೆಲ್ಲ ಗೊತ್ತಾಗಿದೆ."

"ಏನು ಗೊತ್ತಾಗಿದೆ?"

"ಊರ್ಧ್ವಮುಖ ವಾತ. ಎರಡನೇ ಹಂತ."

ಅಮ್ಮನ ಬಾಯಿಂದ ಪಿನ್ನುಗಳು ತಾವಾಗಿಯೇ ಉದುರಿದವು. ಮಗನನ್ನು ಕೂಗಿದಳು. ತಂತಿ ಬಂದು ನಗತೊಡಗಿದ. "ಅಯ್ಯೋ ಅಮ್ಮ, ಅದು ಕಾಯಿಲೆ ಅಲ್ಲ. ಗಿಟಾರಲ್ಲಿ ತಂತಿ ಎಳೆದಾಗ ಮುಖ ಹಾಗೆ ಆಗುತ್ತೆ. ತೋರಿಸ್ತೀನಿ ಇರಿ." ಗಿಟಾರು ತಂದು ತೊಡೆಯ ಮೇಲಿಟ್ಟು, ತಂತಿ ಎಳೆದ. ಸದ್ದು ಸೊಳ್ಳೆಯಷ್ಟು. ಮುಖ ಮಾತ್ರ ಹೆರಿಗೆ ನೋವಿನಷ್ಟು.

"ನೋಡಿದ್ರಾ? ಹೇಳ್ತಿದ್ದಾಗಲೇ ಬಂತು," ಎಂದರು ಕಂಪೌಂಡರು, ಗಡಿಯಾರ ನೋಡಿಕೊಳ್ಳುತ್ತ. "ಒಂಬತ್ತು ಸೆಕೆಂಡು."

ಅವನ ದುರದೃಷ್ಟವೇ ಅದು. ಕಾಯಿಲೆಯಿಲ್ಲ ಎಂದು ಸಾಬೀತು ಮಾಡಲು ಅವನಿಗಿದ್ದ ದಾರಿ ಒಂದೇ, ನುಡಿಸಿ ತೋರಿಸುವುದು. ನುಡಿಸಿದ ಕೂಡಲೇ ಕಾಯಿಲೆ ಸಾಬೀತಾಗುತ್ತಿತ್ತು. ದೊಡ್ಡಮ್ಮ ಸೇಬು ತಂದಳು, ಅವಳಿಗೆ ತೋರಿಸಿದ. ಅವಳು ಸೇಬನ್ನು ಕೆಳಗೆ ಬಿಟ್ಟು ಅಳುತ್ತ ಹೋದಳು. ಚಿಕ್ಕಪ್ಪ ಕಿತ್ತಳೆ ತಂದ. ನೋಡಿದ ಮೇಲೆ ತಂತಿಯ ಕೈ ಹಿಡಿದು, "ಮಗಾ, ನಿನ್ನ ಸೈಕಲ್ ಯಾರಿಗೆ ಕೊಡಬೇಕು ಅಂತ ಏನಾದರೂ ಯೋಚನೆ ಮಾಡಿದ್ದೀಯಾ?" ಎಂದು ಮೃದುವಾಗಿ ಕೇಳಿದ. ಒಂದೇ ವಾರದಲ್ಲಿ ಮನೆಯಲ್ಲಿ ಹಣ್ಣಿನಂಗಡಿ ತೆರೆಯುವಷ್ಟು ಹಣ್ಣು ಸೇರಿತು. ಜನ ಸಾಲು ನಿಂತದ್ದು ಬೀದಿ ತಿರುಗಿ, ಸೇತುವೆ ದಾಟಿ, ಪಕ್ಕದ ಜಿಲ್ಲೆಯಲ್ಲಿ ಮುಗಿಯುತ್ತಿತ್ತು.

ಈ ಗದ್ದಲದಲ್ಲಿ ತಲೆ ಕೆಡಿಸಿಕೊಳ್ಳದೆ ನಿಂತವನು ಒಬ್ಬನೇ, ತಂತಿಯ ಅಕ್ಕನ ಗಂಡ. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿಗೆ ಹೊರಡುತ್ತದೆಂದು ಸಾರುವ ಕೆಲಸ. ಸುಂದರ, ಮಿತಭಾಷಿ, ಕಂಚಿನ ಕಂಠ. ತಂತಿ ಅವನ ಮನೆಗೆ ಓಡಿದ.

"ಭಾವ, ನೀವಾದರೂ ಹೇಳಿ. ನೀವು ಹೇಳಿದರೆ ಜನ ಕೇಳ್ತಾರೆ."

ಭಾವ ಕಿಟಕಿಯಾಚೆ ನೋಡುತ್ತ ಬಹಳ ಹೊತ್ತು ಯೋಚಿಸಿ, "ಸತ್ಯ ತಾನಾಗೇ ಹೊರಗೆ ಬರಬೇಕು. ಎಳೆದು ತಂದರೆ ಅದಕ್ಕೆ ಬೆಲೆ ಇರಲ್ಲ," ಎಂದ. ಎಂಥ ಮಾತು. ಅಕ್ಕ ಶಾಲೆಯ ಉಪಾಧ್ಯಾಯಿನಿ. ಉತ್ತರ ಪತ್ರಿಕೆಗಳಿಂದ ತಲೆಯೆತ್ತಿ ಗಂಡನ ಕಡೆ ಒಮ್ಮೆ ನೋಡಿದಳು. ಮತ್ತೆ ಕೆಂಪು ಪೆನ್ನು ತೆಗೆದುಕೊಂಡಳು.

ಸುದ್ದಿ ಸ್ಟುಡಿಯೊ ಮುಟ್ಟಿತು. ಯಜಮಾನರು ತಂತಿಯನ್ನು ಡಾರ್ಕ್ ರೂಮಿಗೆ ಕರೆದರು. "ನೋಡಪ್ಪಾ, ನಂದು ಮುಖದ ವ್ಯಾಪಾರ. ಗಿರಾಕಿ ನಿನ್ನ ಮುಖ ನೋಡೇ ತನ್ನ ಮುಖ ಇಟ್ಕೊಳ್ತಾನೆ. ನಿನ್ನೆ ಬಂದ ಬ್ಯಾಂಕಿನವರು ನಿನ್ನನ್ನೇ ದಿಟ್ಟಿಸಿ ನೋಡಿ, ಯಾವಾಗ ಬರುತ್ತೋ ಅಂತ ಹೆದರಿ, ಫೋಟೊದಲ್ಲಿ ಅವರದ್ದೇ ಬಾಯಿ ಸೊಟ್ಟಗೆ ಬಂದಿದೆ. ವಾಸಿ ಮಾಡ್ಕೊಂಡು ಬಾ. ಸ್ಟೂಲು ನಿಂಗೇ ಇಟ್ಟಿರ್ತೀನಿ."

ಅಮ್ಮನಿಗೆ ಲೋಕದಲ್ಲಿ ನಂಬಿಕೆ ಇದ್ದದ್ದು ಡಾಕ್ಟರು ಕೈಬರಹದಲ್ಲಿ ಬರೆದ ಚೀಟಿಯ ಮೇಲೆ ಮಾತ್ರ. ಅದನ್ನು ಓದಲು ಬರಬಾರದು. ಓದಲು ಬಂದರೆ ಒಳ್ಳೆಯ ಡಾಕ್ಟರಲ್ಲ. ಮಗನನ್ನೂ, ಮಗ ಬಿಡದ ಗಿಟಾರನ್ನೂ ಕರೆದುಕೊಂಡು ದೊಡ್ಡಾಸ್ಪತ್ರೆಗೆ ಹೋದಳು. ಕಂಪೌಂಡರು ಜೊತೆಗೆ ಬಂದರು, ದಾರಿ ತೋರಿಸಲು.

ಡಾಕ್ಟರು ನಾಲಿಗೆ ನೋಡಿದರು, ಕಣ್ಣಿಗೆ ಬೆಳಕು ಬಿಟ್ಟರು, ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ಬಡಿದರು. "ಯಾವಾಗ ಬರುತ್ತಪ್ಪಾ?"

"ಎರಡನೇ ತಂತಿ ಮೇಲಕ್ಕೆ ತಳ್ಳಿದಾಗ, ಸಾರ್."

"ಎಲ್ಲಿ, ತಳ್ಳು."

ತಳ್ಳಿದ. ಮುಖ ಬಂತು. ಡಾಕ್ಟರು ಹುಬ್ಬೇರಿಸಿದರು. ಏನೋ ಹೊಳೆದಂತೆ ಸ್ಟೆತೊಸ್ಕೋಪನ್ನು ತಂತಿಯ ಎದೆಯಿಂದ ತೆಗೆದು ಗಿಟಾರಿನ ಎದೆಗೆ ಇಟ್ಟರು. "ಇನ್ನೊಂದು ಸಲ."

ಪೆಟ್ಟಿಗೆ ಇಸ್ತ್ರಿ ಮೇಜಿನ ಕೆಳಗೆ ಸೇರಿದ ಮೇಲೆ ಆ ಗಿಟಾರನ್ನು ನಿಜವಾಗಿ ಕೇಳಿದ ಮೊದಲ ಮನುಷ್ಯ ಆ ಡಾಕ್ಟರು. ಕಿವಿಗೆ ಕೊಳವೆ ಹಾಕಿಕೊಂಡು, ಕಣ್ಣುಮುಚ್ಚಿ ನಿಂತರು. ತಂತಿ ಎಳೆದ. ಡಾಕ್ಟರ ಹುಬ್ಬು ಗಂಟಿಕ್ಕಿತು. ತುಟಿ ಒಂದು ಕಡೆಗೆ ಜಾರಿತು. ಕತ್ತು ನಿಧಾನವಾಗಿ ಹಿಂದಕ್ಕೆ ಹೋಯಿತು.

ಅದೇ ಹೊತ್ತಿಗೆ ನರ್ಸಮ್ಮ ಟ್ರೇ ಹಿಡಿದು ಒಳಗೆ ಬಂದಳು. ರೋಗಿಯ ಮುಖ ನೋಡಿದಳು, ಡಾಕ್ಟರ ಮುಖ ನೋಡಿದಳು, ಟ್ರೇ ಬಿಟ್ಟಳು.

"ಅಂಟಿಕೊಳ್ತು," ಎಂದರು ಬಾಗಿಲಲ್ಲಿದ್ದ ಕಂಪೌಂಡರು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ವಯಸ್ಸಿಗೆ ಮೀರಿದ ವೇಗದಲ್ಲಿ ಮೆಟ್ಟಿಲಿಳಿದರು. ಹತ್ತು ನಿಮಿಷದಲ್ಲಿ ಆ ಮಹಡಿ ಖಾಲಿ. ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡಿದ್ದವನೊಬ್ಬ ಎಲ್ಲರಿಗಿಂತ ಮೊದಲು ಗೇಟು ದಾಟಿದನೆಂದೂ ಅವನನ್ನು ಮುಂದೆ ಓಟದ ಸ್ಪರ್ಧೆಗೆ ಆರಿಸಲಾಯಿತೆಂದೂ ಬಲ್ಲವರು ಹೇಳುತ್ತಾರೆ.

ಡಾಕ್ಟರು ಕಣ್ಣು ತೆರೆದು ಹೇಳಿದರು: "ಅಮ್ಮಾ, ನಿಮ್ಮ ಮಗನಿಗೆ ಯಾವ ಕಾಯಿಲೆನೂ ಇಲ್ಲ. ಚೆನ್ನಾಗಿ ನುಡಿಸ್ತಾನೆ, ಅಷ್ಟೆ. ಬೇಕಾದರೆ ಚೀಟಿ ಬರೆದುಕೊಡ್ತೀನಿ."

ಅಮ್ಮ ಚೀಟಿ ಮುಟ್ಟಲಿಲ್ಲ. ಜೀವನದಲ್ಲಿ ಮೊದಲ ಸಲ ಡಾಕ್ಟರನ್ನು ಕನಿಕರದಿಂದ ನೋಡಿದಳು. "ನಿಮಗೂ ಬಂದಿದೆಯಲ್ಲ ಸಾರ್. ನಿಮ್ಮ ಚೀಟಿಗೆ ಈಗ ಏನು ಬೆಲೆ?"

ಮನೆಗೆ ಬಂದವಳೇ ಬಾಯಿಂದ ಪಿನ್ನು ತೆಗೆದಳು. ಒಂದು, ಎರಡು, ಮೂರು, ನಾಲ್ಕು. "ಈ ಕಾಯಿಲೆ ಬಂದಿದ್ದು ಈ ಕೆಂಪು ಮರದ ತುಂಡಿನಿಂದ. ಸೋಮವಾರ ಹಳೇ ಸಾಮಾನಿನವನು ಬರ್ತಾನೆ. ಕೊಟ್ಟುಬಿಡ್ತೀನಿ."

ತಂತಿ ಗಿಟಾರನ್ನು ತಬ್ಬಿಕೊಂಡು ಕಿಟಕಿಯ ಕುರ್ಚಿಯಲ್ಲಿ ಕೂತ. ಕಂಪೌಂಡರ ಕಿಟಕಿಯಿಂದ ನೋಡಿದರೆ ಆ ಸಂಜೆ ಅವನ ಮುಖದಲ್ಲಿ ಯಾವ ಸೊಟ್ಟವೂ ಇರಲಿಲ್ಲ. ನಿಜವಾದ ದುಃಖಕ್ಕೆ ಅವನು ಮುಖ ಅಭ್ಯಾಸ ಮಾಡಿರಲಿಲ್ಲ.

ಮಧ್ಯಸ್ಥಿಕೆಗೆ ಬಂದವಳು ಅಕ್ಕ. "ಅಮ್ಮಾ, ಭಾನುವಾರ ಮಧ್ಯಾಹ್ನ ಆಸ್ಪತ್ರೆ ಸಭಾಂಗಣದಲ್ಲಿ ವಾರ್ಷಿಕೋತ್ಸವ. ಡಾಕ್ಟರು ಇವನನ್ನು ನುಡಿಸೋಕೆ ಕರೆದಿದ್ದಾರೆ. ಅಲ್ಲಿ ಎಲ್ಲರೆದುರು ನುಡಿಸಲಿ. ಮುಖಕ್ಕೆ ಏನೂ ಆಗದಿದ್ದರೆ ಕಾಯಿಲೆ ಇಲ್ಲ ಅಂತ ಒಪ್ಪಿಕೊಂಡು ಗಿಟಾರು ಬಿಟ್ಟುಬಿಡು."

ಅಮ್ಮ ಬಟ್ಟೆಗೆ ಅಳತೆ ಹಿಡಿದಂತೆ ಮಾತಿಗೂ ಅಳತೆ ಹಿಡಿದಳು. "ಆಗಲಿ. ಆದರೆ ಒಂದೇ ಒಂದು ಸಲ ತುಟಿ ಸೊಟ್ಟಗಾದರೂ ಸೋಮವಾರ ಗಿಟಾರು ಹೋಗುತ್ತೆ. ಆಮೇಲೆ ಕುಯ್ಯೋ ಮರ್ರೋ ಅನ್ನಬಾರದು."

ನಾಲ್ಕು ದಿನ ಉಳಿದಿತ್ತು. ವರ್ಷಗಟ್ಟಲೆ ಕಷ್ಟಪಟ್ಟು ಕಲಿತ ಮುಖವನ್ನು ನಾಲ್ಕು ದಿನದಲ್ಲಿ ಮರೆಯಬೇಕು. ತಂತಿ ಸ್ಟುಡಿಯೊಗೆ ಹೋಗಿ ಯಜಮಾನರ ಕಾಲು ಹಿಡಿದ. ಅವರಿಗೂ ಕೆಲಸದವನು ಬೇಕಿತ್ತು. ಅವನಿಲ್ಲದೆ ಗಿರಾಕಿಗಳೆಲ್ಲ ನಕ್ಕುಬಿಡುತ್ತಿದ್ದರು, ಫೋಟೊಗಳು ವಾಪಸು ಬರುತ್ತಿದ್ದವು. ಬಿಳಿ ಪರದೆಯ ಮುಂದೆ ಅವನದೇ ಸ್ಟೂಲಿನ ಮೇಲೆ ಅವನನ್ನು ಕೂರಿಸಿದರು.

"ಎಳಿ ತಂತಿ. ಗಲ್ಲ ಕೆಳಗೆ. ಬಾಯಿ ಮುಚ್ಚು. ಹಾಂ, ಹುಬ್ಬು ಬಂತು."

"ತಂತಿ ಮೇಲಕ್ಕೆ ಹೋದರೆ ಹುಬ್ಬೂ ಹೋಗುತ್ತೆ ಸಾರ್. ಎರಡಕ್ಕೂ ಒಂದೇ ದಾರ ಕಟ್ಟಿದ ಹಾಗಿದೆ."

"ದಾರ ಕತ್ತರಿಸು. ಏನೂ ಯೋಚನೆ ಮಾಡಬೇಡ. ನೀನು ಮನುಷ್ಯನಲ್ಲ, ಅರ್ಜಿ ಫಾರಂ."

ಮೊದಲ ದಿನ ನಲವತ್ತು ಸಲ ಹುಬ್ಬು ಬಂತು. ಮೂರನೆಯ ದಿನ ಎರಡು ಸಲ. ನಾಲ್ಕನೆಯ ದಿನ ಬರಲಿಲ್ಲ. ಆದರೆ ಸ್ವರವೂ ಬರಲಿಲ್ಲ. ಬೆರಳು ತಂತಿಯನ್ನು ಅರ್ಧಕ್ಕೆ ತಳ್ಳಿ, ಸಂಕೋಚಪಟ್ಟು, ವಾಪಸು ಬರುತ್ತಿತ್ತು. "ಮುಖ ಸರಿಯಾಗಿದೆ, ಅಷ್ಟು ಸಾಕು," ಎಂದರು ಯಜಮಾನರು. ಫೋಟೊದವರಿಗೆ ಅಷ್ಟು ಸಾಕಾಗುತ್ತದೆ.

ಭಾನುವಾರ ಸಭಾಂಗಣ ತುಂಬಿ ತುಳುಕಿತು. ಕಾಯಿಲೆಯನ್ನು ಕಣ್ಣಾರೆ ನೋಡಲು ಬಂದವರೇ ಹೆಚ್ಚು. ಮೊದಲ ಸಾಲಿನಲ್ಲಿ ಅಮ್ಮ, ಅಕ್ಕ. ಎರಡನೆಯದರಲ್ಲಿ ಡಾಕ್ಟರು. ಕರವಸ್ತ್ರ ಕಟ್ಟಿಕೊಂಡ ಕಂಪೌಂಡರು ಬಾಗಿಲ ಬಳಿ ಗಾಲಿಕುರ್ಚಿಯೊಂದನ್ನು ಸಿದ್ಧವಾಗಿ ಹಿಡಿದು ನಿಂತಿದ್ದರು. ಇಸ್ತ್ರಿ ಮೇಜಿನ ಕೆಳಗಿಂದ ಬಿಡುಗಡೆಯಾದ ಪೆಟ್ಟಿಗೆ ವೇದಿಕೆಯ ಮೇಲೆ ಕೆಂಪು ದೀಪ ಬೆಳಗಿಕೊಂಡು ಕೂತಿತ್ತು. ಮೇಲೆ ಇಸ್ತ್ರಿ ಮೇಜಿನ ಕಾಲಿನ ಗುರುತು. ಭಾವ ಕಂಚಿನ ಕಂಠದಲ್ಲಿ ಪ್ರಸ್ತಾವನೆ ಮಾಡಿ, ಚಪ್ಪಾಳೆಗೂ ಕಾಯದೆ, ಸಹಜ ವಿನಯದಿಂದ ಹಿಂದೆ ಸರಿದ.

ತಂತಿ ಗಲ್ಲ ಕೆಳಗೆ ಮಾಡಿದ. ಬಾಯಿ ಮುಚ್ಚಿದ. ಶುರು ಮಾಡಿದ.

ಮೊದಲ ಹಾಡನ್ನು ಒಂದೂ ತಂತಿ ಎಳೆಯದೆ, ಅಂಚೆ ಚೀಟಿಗೆ ಮುದ್ರೆ ಒತ್ತಿದಂತೆ ನುಡಿಸಿ ಮುಗಿಸಿದ. ಜನ ಕೆಮ್ಮಿದರು. ಎರಡನೆಯದಕ್ಕೆ ಚಪ್ಪಲಿ ಹುಡುಕಿದರು. "ಇಷ್ಟೇನಾ? ಇದಕ್ಕಾ ನಾವು ಹೆದರಿದ್ದು?" ಎಂದಿತು ಹಿಂದಿನ ಸಾಲು. ಅಮ್ಮನ ಮುಖದಲ್ಲಿ ಸಮಾಧಾನ ಮೂಡಿತು. ಮಗನ ಮುಖ ಇಸ್ತ್ರಿ ಮಾಡಿದ ಕರವಸ್ತ್ರದಂತಿತ್ತು. ಅಲ್ಲಿಗೇ ಎದ್ದು ನಮಸ್ಕಾರ ಮಾಡಿದ್ದರೆ ಗಿಟಾರು ಉಳಿಯುತ್ತಿತ್ತು, ಕೆಲಸ ಉಳಿಯುತ್ತಿತ್ತು.

ಆದರೆ ಪೆಟ್ಟಿಗೆ ಸಣ್ಣಗೆ ಗುಂಯ್ ಎನ್ನುತ್ತಿತ್ತು. ಅಷ್ಟು ಕಾಲ ಇಸ್ತ್ರಿಯ ಭಾರ ಹೊತ್ತು ಸುಮ್ಮನಿದ್ದ ಪೆಟ್ಟಿಗೆ. ಅದನ್ನು ಹೀಗೇ ಮನೆಗೆ ಕಳಿಸಲು ತಂತಿಗೆ ಮನಸ್ಸು ಬರಲಿಲ್ಲ. ಎರಡನೆಯ ತಂತಿಯ ಮೇಲೆ ಬೆರಳಿಟ್ಟ. ಅಮ್ಮನ ಕಣ್ಣನ್ನೇ ನೋಡುತ್ತ, ಮುಖವನ್ನು ಅರ್ಜಿ ಫಾರಂನಂತೆ ಇಟ್ಟುಕೊಂಡು, ತಳ್ಳಿದ.

ವರ್ಷಗಟ್ಟಲೆ ಹುಬ್ಬಿಗೂ ತುಟಿಗೂ ಸೋರಿಹೋಗುತ್ತಿದ್ದದ್ದೆಲ್ಲ ಆ ಹೊತ್ತು ಬೆರಳಿಗೇ ಹೋಯಿತೆಂದು ಕಾಣುತ್ತದೆ. ಸ್ವರ ಕೆಳಗಿನಿಂದ ಎದ್ದಿತು, ಅರ್ಧದಲ್ಲಿ ಬಾಗಿತು, ಮೇಲಕ್ಕೆ ಹೋಯಿತು, ಅಲ್ಲಿ ನಿಂತು ನಡುಗಿತು. ತಂತಿಯ ಮುಖದಲ್ಲಿ ಒಂದು ಕೂದಲೂ ಅಲುಗಲಿಲ್ಲ. ಅಲುಗಿದ್ದು ಸಭಾಂಗಣ. ಡಾಕ್ಟರ ತುಟಿ ಜಾರಿತು. ನರ್ಸಮ್ಮನ ಕಣ್ಣು ಮುಚ್ಚಿತು. ಬಾಗಿಲಲ್ಲಿ ಕಂಪೌಂಡರ ಕರವಸ್ತ್ರ ಕಳಚಿ ಬಿತ್ತು; ಒಳಗಿನ ಬಾಯಿ ಸೊಟ್ಟಗಾಗಿತ್ತು, ಮೆಲ್ಲಗೆ ತಾವು ತಂದ ಗಾಲಿಕುರ್ಚಿಯಲ್ಲಿ ತಾವೇ ಕೂತರು. ಸಾಲು ಸಾಲಾಗಿ ಹುಬ್ಬುಗಳು ಗಂಟಿಕ್ಕಿದವು, ಕತ್ತುಗಳು ಹಿಂದಕ್ಕೆ ವಾಲಿದವು. ಮೊದಲ ಸಾಲಿನ ನಡುವೆ ಅಮ್ಮ. ಕಣ್ಣುಮುಚ್ಚಿ, ಹುಬ್ಬು ಕೂಡಿಸಿ, ಗುಂಡಿಯ ಪೊಟ್ಟಣದ ಮೇಲಿನ ಆ ಫೋಟೊದ ಪಡಿಯಚ್ಚಿನಂತೆ ಅಮ್ಮ.

ವೇದಿಕೆಯ ಪಕ್ಕ ಕ್ಯಾಮೆರಾ ಹಿಡಿದು ನಿಂತಿದ್ದ ಸ್ಟುಡಿಯೊ ಯಜಮಾನರು ಆ ಕಡೆ ತಿರುಗಿ ಒಂದೇ ಒಂದು ಫೋಟೊ ತೆಗೆದರು.

ಸ್ವರ ಇಳಿದ ಮೇಲೆ ಅಮ್ಮ ಕೈಯಿಂದ ತನ್ನ ಮುಖ ಮುಟ್ಟಿ ನೋಡಿಕೊಂಡಳು.

"ನನಗೂ ಬಂತಲ್ಲೋ," ಎಂದಳು.

"ನೋವಾಯ್ತಾ ಅಮ್ಮ?" ಎಂದ ತಂತಿ ವೇದಿಕೆಯಿಂದಲೇ.

"ಆಯ್ತು." ಕುರ್ಚಿಯಲ್ಲಿ ನೆಟ್ಟಗೆ ಕೂತು, "ಇನ್ನೊಂದು ಸಲ ಮಾಡು, ನೋಡೋಣ," ಎಂದಳು.

ಸೋಮವಾರ ಹಳೇ ಸಾಮಾನಿನವನು ಬಂದಾಗ ಅಮ್ಮ ಅವನಿಂದ ಇಸ್ತ್ರಿ ಮೇಜಿಗೆ ಒಂದು ಕಾಲು ತೆಗೆದುಕೊಂಡಳು. ಈಗಲೂ ನಮ್ಮ ತಂತಿ ಹಗಲು ಸ್ಟುಡಿಯೊದಲ್ಲಿ ಜನರ ಮುಖ ಒರೆಸುತ್ತಾನೆ, ಭಾನುವಾರ ವೇದಿಕೆಯ ಮೇಲೆ ಅವಕ್ಕೆ ಸೊಟ್ಟ ಹಾಕುತ್ತಾನೆ. ಭೂಮಂಡಲದ ಏಳು ರಾಜಧಾನಿಗಳಿಂದ ಅವನಿಗೆ ಕರೆ ಬಂದಿದ್ದು, ಎಲ್ಲವನ್ನೂ ಅವನು

ಇಲ್ಲಿ ಒಂದು ಅಡ್ಡಿ ಬಂದಿದೆ. ಈ ಹಾಳೆಗಳನ್ನು ಮೇಜಿನ ಮೇಲೆ ಬಿಟ್ಟು ಬಸ್ ನಿಲ್ದಾಣದ ಡ್ಯೂಟಿಗೆ ಹೋಗಿದ್ದೆ. ಬಂದು ನೋಡಿದರೆ ಪುಟಗಳ ಅಂಚಿನ ತುಂಬ ನನ್ನ ಹೆಂಡತಿಯ ಕೆಂಪು ಶಾಯಿ. 'ನಲವತ್ತು ಸಾವಿರ' ಹೊಡೆದು 'ಅರವತ್ತೆರಡು, ಫೋಟೊದಲ್ಲಿ ಎಣಿಸಿದ್ದೇನೆ' ಎಂದು ಬರೆದಿದೆ. 'ಎರಡು ಹಗಲು' ಇದ್ದಲ್ಲಿ 'ಹನ್ನೊಂದು ಸೆಕೆಂಡು'. 'ಸುಂದರ' ಎಂಬಲ್ಲಿ ಏನೂ ಬರೆಯದೆ ಕನಿಕರ ತೋರಿಸಿದ್ದಾಳೆ. 'ಮಿತಭಾಷಿ'ಯ ಸುತ್ತ ಮೂರು ಸುತ್ತು. 'ಯಾರೋ ಒಬ್ಬ ಪುಣ್ಯಾತ್ಮ' ಎಂಬುದರ ಪಕ್ಕದಲ್ಲಿ ಹೀಗಿದೆ: 'ಯಾರು? ಪೂರ್ಣ ವಾಕ್ಯದಲ್ಲಿ ಉತ್ತರಿಸಿ.'

ಉತ್ತರಿಸುತ್ತೇನೆ. ಆ ಪುಣ್ಯಾತ್ಮ ತಂತಿಯ ಭಾವ. ಅಂದರೆ ಈ ಕಥೆ ಬರೆದವನು, ನಾನು. ಕಂಪೌಂಡರು ಕೇಳಿದಾಗ 'ನಮ್ಮ ಭಾವಮೈದುನ ಸದ್ದೇ ಇಲ್ಲದ ಗಿಟಾರು ಹಿಡಿದು ಕೂರುತ್ತಾನೆ' ಎನ್ನಲು ನಾಚಿಕೆಯಾಯಿತು. ನಮ್ಮ ಮನೆಯವರಿಗೆ ಕಾಯಿಲೆ ಬಂದರೂ ದೊಡ್ಡದೇ ಬರಲಿ ಎಂದು ಆ ಹೆಸರನ್ನು ಅಲ್ಲೇ ನೊರೆಯೊಳಗಿಂದ ಹುಟ್ಟಿಸಿದೆ. ಆಮೇಲೆ ಹೇಳಲು ಬಾಯಿ ಬರಲಿಲ್ಲ.

ಕೊನೆಯ ಪುಟದಲ್ಲಿ, 'ಸಹಜ ವಿನಯದಿಂದ ಹಿಂದೆ ಸರಿದ' ಎಂಬುದರ ಕೆಳಗೆ ಇನ್ನೊಂದು ಪ್ರಶ್ನೆಯಿತ್ತು: 'ಫೋಟೊದಲ್ಲಿ ನನ್ನ ಪಕ್ಕದ ಕುರ್ಚಿ ಯಾಕೆ ಖಾಲಿ ಇದೆ?'

ಯಾಕೆಂದರೆ ನಾನು ಸಭಾಂಗಣದ ಹಿಂದೆ ಜನರೇಟರಿನ ಪಕ್ಕ ಅಡಗಿದ್ದೆ. ಅವನ ತುಟಿ ಸೊಟ್ಟಗಾದರೆ ಗಿಟಾರು ಹೋಗುತ್ತದೆ, ಅದು ಹೋಗುವುದು ನನ್ನ ಬಾಯಿಯಿಂದ. ಅದನ್ನು ಕೂತು ನೋಡುವ ಧೈರ್ಯ ನನಗಿರಲಿಲ್ಲ. ಜನರೇಟರಿನ ಗದ್ದಲದಲ್ಲಿ ಬೇರೇನೂ ಕೇಳಿಸಲಿಲ್ಲ. ಆ ಸ್ವರವನ್ನು ಕೇಳದೆ ಹೋದವನು ಊರಿಗೆಲ್ಲ ನಾನೊಬ್ಬನೇ. ಸ್ಟುಡಿಯೊದ ಗೋಡೆಯ ಮೇಲೆ ನೇತುಹಾಕಿರುವ ಆ ಫೋಟೊದ ಮುಂದೆ ನಿಂತು, ಅರವತ್ತೆರಡು ಸೊಟ್ಟ ಮುಖಗಳನ್ನು ನೋಡಿ ನೋಡಿ, ಸ್ವರ ಹೇಗಿದ್ದಿರಬೇಕೆಂದು ಕಲಿತಿದ್ದೇನೆ. ಎರಡು ಹಗಲಿಗಿಂತ ಕಡಿಮೆ ಇರಲು ಸಾಧ್ಯವಿಲ್ಲ ಅನ್ನಿಸಿತು, ಬರೆದೆ.

ಇದಿಷ್ಟನ್ನೂ ನಿನ್ನೆ ತಂತಿಯ ಮುಂದೆ ಒಪ್ಪಿಕೊಂಡೆ. ಅವನು ಬೈಯಲಿಲ್ಲ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ಗಿಟಾರಿನ ವಯರನ್ನು ಪೆಟ್ಟಿಗೆಗೆ ಚುಚ್ಚಿದ. ನಾನು ಕ್ಷಮೆ ಕೇಳುತ್ತಲೇ ಇದ್ದೆ. ಕ್ಷೌರದಂಗಡಿಯಲ್ಲಿ ಅವತ್ತು ಇದ್ದವರು ಮುನ್ನೂರು ಜನ, ಅವರಲ್ಲಿ ಯಾರು ಬೇಕಾದರೂ ಆ ಮಾತು ಆಡಬಹುದಿತ್ತು ಎಂದು ವಿವರಿಸತೊಡಗಿದ್ದೆ.

ತಂತಿ ಎರಡನೆಯ ತಂತಿಯ ಮೇಲೆ ಬೆರಳಿಟ್ಟು ನನ್ನ ಕಡೆ ನೋಡಿದ.

"ಭಾವ, ಗಲ್ಲ ಸ್ವಲ್ಪ ಕೆಳಗೆ," ಎಂದ. "ಬಾಯಿ ಮುಚ್ಚಿ."